ಕ್ರ್ಯಾಂಕ್ ಸೆನ್ಸರ್ ಕೋಡ್ ಬಂತಾ? ಮೊದಲು ವೈರ್ ನೋಡಿ

ಬೆಂಗಳೂರಿನಿಂದ ಚೆನ್ನಾಗಿಯೇ ಓಡಿಬಂದ ಕಾರು ಕ್ಯಾತ್ಸಂದ್ರ ಟೋಲ್ ಹತ್ತಿರ ಗಪ್ ಅಂತ ಆಫ್ ಆಗುತ್ತದೆ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಆರಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್! ಆಮೇಲೆ ಸ್ಕ್ಯಾನರ್ ಹಾಕಿಸಿದಾಗ ಪಿ0335 ಅಂತ ಬಂದರೆ ಸೀದಾ ಹೊಸ ಸೆನ್ಸರ್ ತರಲು ಹೋಗುವವರೇ ಜಾಸ್ತಿ.

ಸ್ವಲ್ಪ ತಡೆಯಿರಿ. ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್ ಎಲ್ಲಿದೆ, ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಹೇಳುವುದು ಕ್ರ್ಯಾಂಕ್ ಸೆನ್ಸರ್. ಅದರ ಸರ್ಕ್ಯೂಟ್‌ನಿಂದ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಸರಿಯಾದ ಸಿಗ್ನಲ್ ಬರುತ್ತಿಲ್ಲ ಎನ್ನುವುದಷ್ಟೇ ಆ ಕೋಡ್‌ನ ಅರ್ಥ. ಕೆಟ್ಟಿದ್ದು ಸೆನ್ಸರೋ, ವೈರೋ, ಕ್ರ್ಯಾಂಕ್ ಜೊತೆ ತಿರುಗುವ, ಸೆನ್ಸರ್ ಓದುವ ಹಲ್ಲಿನ ಚಕ್ರವೋ ಅಂತ ಅದು ಹೇಳುವುದಿಲ್ಲ.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಆರ್‌ಪಿಎಂ ತೆರೆದಿಟ್ಟು ಸೆಲ್ಫ್ ಹೊಡೆಯಿರಿ, ಒಂದು ಸಲಕ್ಕೆ ಹತ್ತು ಸೆಕೆಂಡ್ ದಾಟುವುದು ಬೇಡ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆಯಲ್ಲೇ ನಿಂತಿದ್ದರೆ ಸಿಗ್ನಲ್ ತಲುಪುತ್ತಿಲ್ಲ. 150–250 ತೋರಿಸಿಯೂ ಸ್ಟಾರ್ಟ್ ಆಗದಿದ್ದರೆ ಪೆಟ್ರೋಲ್, ಸ್ಪಾರ್ಕ್ ಕಡೆಯೂ ನೋಡಬೇಕು.

ಈಗ ಕೀ ತೆಗೆದು, ಎಂಜಿನ್ ತಣ್ಣಗಾದ ಮೇಲೆ ಸೆನ್ಸರ್ ಹುಡುಕಿ. ಕೆಲವು ಗಾಡಿಗಳಲ್ಲಿ ಮುಂದೆ ಕ್ರ್ಯಾಂಕ್ ಪುಲ್ಲಿ ಹತ್ತಿರ ಇರುತ್ತದೆ, ಕೆಲವದರಲ್ಲಿ ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ. ಕಪ್ಲರ್ (ವೈರ್ ಸೇರಿಸುವ ಪ್ಲಗ್) ಬಿಚ್ಚಿ ಒಳಗೆ ಆಯಿಲ್ ಇಳಿದಿದೆಯಾ, ಪಿನ್ ಹಸಿರುಗಟ್ಟಿದೆಯಾ ನೋಡಿ. ವೈರನ್ನು ಉದ್ದಕ್ಕೂ ಕೈಯಾಡಿಸಿ. ತೋಟದ ಮನೆಯಲ್ಲಿ, ಹುಲ್ಲಿನ ಬಣವೆ ಪಕ್ಕ ಕಾರು ನಿಲ್ಲಿಸುವವರು ಇಲಿ ಕಡಿದ ಗುರುತನ್ನು ಹುಡುಕಲೇಬೇಕು. ಸುಮಾರು ಸಲ ರೋಗ ಸಿಗುವುದು ಇಲ್ಲೇ, ಖರ್ಚು ಒಂದು ಚೂರು ವೈರು, ಅಷ್ಟೇ.

ವೈರ್ ಸರಿಯಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಎರಡು ವೈರಿನದು ಸಾಮಾನ್ಯವಾಗಿ ಕಾಯಿಲ್ ಸೆನ್ಸರ್. ಅದರ ಓಮ್ಸ್ (ವಿದ್ಯುತ್ ರೋಧ) ಹೆಚ್ಚಿನ ಗಾಡಿಗಳಲ್ಲಿ ಕೆಲವು ನೂರರಿಂದ ಸಾವಿರದ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಲೆಕ್ಕ ಸರ್ವೀಸ್ ಮ್ಯಾನುವಲ್‌ನಲ್ಲಿ ಸಿಗುತ್ತದೆ. ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿಗೆ ಒಂದು ಉಪಾಯ: ಸೆನ್ಸರ್ ಬಿಚ್ಚಿ, ಹೇರ್ ಡ್ರೈಯರ್‌ನಿಂದ ಕಾಯಿಸುತ್ತಾ ಅಳೆಯಿರಿ. ಬಿಸಿಗೆ ಓಮ್ಸ್ ಸ್ವಲ್ಪ ಏರುವುದು ಸಹಜ. ಥಟ್ಟನೆ ಮೀಟರ್ ಓಪನ್, ಅಂದರೆ ಸಂಪರ್ಕವೇ ಇಲ್ಲ ಅಂತ ತೋರಿಸಿದರೆ ಕಾಯಿಲ್ ಕಟ್ ಆಗಿದೆ, ಬದಲಾಯಿಸಿ.

ಮೂರು ವೈರಿದ್ದರೆ ಬಹುತೇಕ ಹಾಲ್ ಸೆನ್ಸರ್, ಅಂದರೆ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವುದು. ಇದಕ್ಕೆ ಓಮ್ಸ್ ಪರೀಕ್ಷೆ ಬೇಡ, ಸೆನ್ಸರೇ ಹಾಳಾಗಬಹುದು. ಕೀ ಆನ್ ಮಾಡಿ ಕಪ್ಲರ್‌ನ ಒಂದು ಪಿನ್‌ನಲ್ಲಿ 5 ಅಥವಾ 12 ವೋಲ್ಟ್ ಬರುತ್ತಿದೆಯಾ, ಅರ್ತ್ ಸರಿಯಿದೆಯಾ ನೋಡಿದರೆ ಸಾಕು. ಕರೆಂಟೇ ಬರದಿದ್ದರೆ ಹೊಸ ಸೆನ್ಸರ್ ಹಾಕಿ ಏನು ಪ್ರಯೋಜನ, ಅಲ್ವಾ?

ಇತ್ತೀಚೆಗೆ ಕ್ಲಚ್ ಕೆಲಸ ಆಗಿದ್ದರೆ ಹಲ್ಲಿನ ಚಕ್ರದ ಮೇಲೂ ಕಣ್ಣಿಡಿ. ಬಹಳ ಕಾರುಗಳಲ್ಲಿ ಅದಕ್ಕೆ 60 ಹಲ್ಲಿನ ಜಾಗದಲ್ಲಿ 58 ಮಾತ್ರ ಇರುತ್ತವೆ, ಎರಡು ಹಲ್ಲಿನ ಆ ಖಾಲಿ ಜಾಗದಿಂದಲೇ ಇಸಿಯು ಕ್ರ್ಯಾಂಕ್ ಎಲ್ಲಿದೆ ಅಂತ ತಿಳಿಯುವುದು. ಬೇರೊಂದು ಹಲ್ಲು ಮುರಿದರೆ ಲೆಕ್ಕವೇ ತಪ್ಪುತ್ತದೆ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಎಂಜಿನ್ ಪೂರ್ತಿ ಕಾಯುವಷ್ಟು ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಕೆಲವು ಕಾರುಗಳಲ್ಲಿ ಹೊಸ ಸೆನ್ಸರನ್ನು ಸ್ಕ್ಯಾನರ್ ಮೂಲಕ ಇಸಿಯುಗೆ ಪರಿಚಯ ಮಾಡಿಸಬೇಕು, ಅದನ್ನು ಮೆಕ್ಯಾನಿಕ್ ಹತ್ತಿರವೇ ಮಾಡಿಸಿ.