ಪರಿಹಾರ ಸಂಸ್ಥೆಯಲ್ಲಿ ಹಿರಿಯ ಮೀಡಿಯಾ ಹುದ್ದೆ: ಅರ್ಜಿ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ಈ ಥರದ ಹುದ್ದೆಗೆ ನಾನು ಮೂರು ಸಲ ಅರ್ಜಿ ಹಾಕಿದ್ದೇನೆ. ಎರಡು ಸಲ ಸಿಗಲಿಲ್ಲ. ಈಗ ಮೇಜಿನ ಆಚೆ ಬದಿ ಕೂತು ಬೇರೆಯವರ ಅರ್ಜಿ ಓದುತ್ತೇನೆ. ಅಂದು ನಾನು ಮಾಡಿದ ಎಡವಟ್ಟುಗಳೇ ಇವತ್ತೂ ಸಾಲಾಗಿ ಬರುತ್ತವೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲ ಸಲ ಅರ್ಜಿ ಹಾಕಿದಾಗ ನಾನು 11 ವರ್ಷ ಪತ್ರಿಕೆಯಲ್ಲಿ ದುಡಿದವಳು. ಸುದ್ದಿಮನೆಯ ಒಳಹೊರಗು ಗೊತ್ತು, ಇನ್ನೇನು ಬೇಕು ಅನ್ನುವ ಧಿಮಾಕು. ಕವರ್ ಲೆಟರಿನ ಮೊದಲ ಸಾಲು ಹೀಗಿತ್ತು: ‘ದನಿಯಿಲ್ಲದವರಿಗೆ ದನಿಯಾಗುವುದು ನನ್ನ ಕನಸು.’ ಸಂದರ್ಶನದಲ್ಲಿದ್ದ ಹಿರಿಯರೊಬ್ಬರು ಆ ಸಾಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಟ್ಟುಕೊಂಡಿದ್ದರು. ‘ಅವರಿಗೆ ದನಿ ಇಲ್ಲ ಅಂತ ನಿಮಗೆ ಯಾರು ಹೇಳಿದ್ದು?’ ಅಂತ ಕೇಳಿದರು. ನಾನು ತಬ್ಬಿಬ್ಬು. ಮನೆಗೆ ಬರುವ ದಾರಿಯುದ್ದಕ್ಕೂ ಅವರ ಮೇಲೆ ಸಿಟ್ಟು ಬೇರೆ.

ಅವರು ಕೇಳಿದ್ದು ಸರಿ ಅಂತ ಗೊತ್ತಾಗಿದ್ದು ಆಮೇಲೆ. ರೆಡ್ ಕ್ರಾಸ್ ಚಳವಳಿ ಮತ್ತು ಸ್ವಯಂಸೇವಾ ಸಂಸ್ಥೆಗಳಿಗೆ ಅಂತ 1994ರಲ್ಲಿ ರೂಪಿಸಿದ ಒಂದು ನೀತಿಸಂಹಿತೆ ಇದೆ. ಒಟ್ಟು 10 ಅಂಶ. ಕೊನೆಯದು ನಮ್ಮಂಥವರಿಗೇ ಬರೆದದ್ದು: ಪ್ರಚಾರ, ಜಾಹೀರಾತು, ಮಾಹಿತಿ ಯಾವುದರಲ್ಲೇ ಆಗಲಿ, ಸಂಕಷ್ಟಕ್ಕೆ ಸಿಕ್ಕವರನ್ನು ಘನತೆಯಿರುವ ಮನುಷ್ಯರಾಗಿ ತೋರಿಸಬೇಕು, ದಿಕ್ಕಿಲ್ಲದ ವಸ್ತುಗಳಂತೆ ಅಲ್ಲ. ಅರ್ಜಿ ಬರೆಯುವ ಮೊದಲು ಇದನ್ನು ಓದಿ. ಚಹಾ ಆರುವುದರೊಳಗೆ ಮುಗಿಯುತ್ತದೆ.

ಹುದ್ದೆಗಳ ಜಾಹೀರಾತು ಎಲ್ಲಿ ನೋಡುವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವಿಶ್ವಸಂಸ್ಥೆ 1996ರಲ್ಲಿ ಶುರುಮಾಡಿದ ಜಾಲತಾಣ ರಿಲೀಫ್‌ವೆಬ್‌ನಲ್ಲಿ ಬೇಕಾದಷ್ಟು ಸಿಗುತ್ತವೆ. ಅಲ್ಲಿರುವ ಪರಿಸ್ಥಿತಿ ವರದಿಗಳನ್ನು ದಿನಾ ಎರಡು ಓದುವ ಅಭ್ಯಾಸ ಇಟ್ಟುಕೊಳ್ಳಿ. ಈ ಲೋಕದ ಭಾಷೆ ತಾನಾಗಿ ಕಿವಿಗೆ ಬೀಳುತ್ತದೆ.

ನಿಜವಾದ ತಯಾರಿ ಬೇಕಾಗಿರುವುದು, ನೀವು ಅರ್ಜಿ ಹಾಕುತ್ತಿರುವ ಸಂಸ್ಥೆ ಯಾವಾಗ ಬಾಯಿ ಬಿಡುತ್ತದೆ, ಯಾವಾಗ ಬಿಡುವುದಿಲ್ಲ ಅಂತ ತಿಳಿದುಕೊಳ್ಳುವುದಕ್ಕೆ. ಗಡಿರಹಿತ ವೈದ್ಯರ ಸಂಸ್ಥೆ ಇದೆಯಲ್ಲ, ಎಂಎಸ್‌ಎಫ್, ಅದನ್ನು 1971ರಲ್ಲಿ ಹುಟ್ಟುಹಾಕಿದ್ದು ವೈದ್ಯರು ಮತ್ತು ಪತ್ರಕರ್ತರು ಸೇರಿ. ಕಣ್ಣಾರೆ ಕಂಡದ್ದನ್ನು ಹೊರಗೆ ಹೇಳುವುದು ಅವರ ಕೆಲಸದ ಭಾಗವೇ. ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಯ ದಾರಿ ಬೇರೆ. ಜೈಲಿನೊಳಗೆ ಕೈದಿಗಳನ್ನು ನೋಡಲು ಹೋಗುವವರು ಅವರು. ಕಂಡದ್ದನ್ನು ಮೊದಲು ಅಧಿಕಾರದಲ್ಲಿರುವವರ ಜೊತೆ ಗುಟ್ಟಾಗಿ ಮಾತಾಡುತ್ತಾರೆ. ಇಬ್ಬರಿಗೂ ಒಂದೇ ಕವರ್ ಲೆಟರ್ ಕಳಿಸಿದರೆ ಓದುವವರಿಗೆ ಎರಡನೇ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಜೊತೆಗೆ ತಟಸ್ಥತೆ, ನಿಷ್ಪಕ್ಷಪಾತ ಎರಡನ್ನೂ ಕಲಸಬೇಡಿ. ಜಗಳದಲ್ಲಿ ಯಾರ ಪರವೂ ನಿಲ್ಲದಿರುವುದು ತಟಸ್ಥತೆ. ಯಾರ ಕಡೆಯವರು ಅಂತ ನೋಡದೆ, ಯಾರಿಗೆ ಜಾಸ್ತಿ ಅಗತ್ಯವೋ ಅವರಿಗೆ ಮೊದಲು ನೆರವು ಕೊಡುವುದು ನಿಷ್ಪಕ್ಷಪಾತ. ಹಿರಿಯ ಹುದ್ದೆಗೆ ಬಂದವರು ಇಲ್ಲಿ ತಡವರಿಸಿದರೆ ನಮಗೆ ಮುಜುಗರವಾಗುತ್ತದೆ.

ನೀವು ಅರ್ಜಿ ಹಾಕುವ ಸಂಸ್ಥೆಯ ಕೊನೆಯ ಆರು ಪ್ರೆಸ್ ನೋಟ್ ತೆಗೆದು ನೋಡಿ. ಮಾತಾಡಿದ್ದು ಯಾರು? ಕಚೇರಿಯ ನಿರ್ದೇಶಕರೋ, ಸ್ಥಳದಲ್ಲಿದ್ದ ನರ್ಸೋ? ಆರೂ ಕಡೆ ನಿರ್ದೇಶಕರೇ ಇದ್ದರೆ ಸಂದರ್ಶನಕ್ಕೆ ನಿಮಗೊಂದು ಒಳ್ಳೆ ಮಾತು ಸಿಕ್ಕಿತು ಅಂತಲೇ ಲೆಕ್ಕ.

ಇನ್ನು ಅರ್ಜಿ. ಜಾಹೀರಾತಿನಲ್ಲಿ ಕಡ್ಡಾಯ ಅರ್ಹತೆಗಳ ಪಟ್ಟಿ ಇರುತ್ತದೆ. ಸಾಮಾನ್ಯವಾಗಿ ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅಂಕ ಹಾಕುತ್ತಾರೆ. ಅದೇ ಕ್ರಮದಲ್ಲಿ, ಅದೇ ಪದಗಳಲ್ಲಿ ಉತ್ತರಿಸಿ. ಜಾಣತನ ತೋರಿಸಲು ಇದು ಜಾಗವಲ್ಲ. ‘ಜನಸೇವೆಯ ತುಡಿತ’ಕ್ಕೆ ಆ ಪಟ್ಟಿಯಲ್ಲಿ ಅಂಕವಿಲ್ಲ. ತುಡಿತ ಇಲ್ಲದವರು ಈ ಸಂಬಳಕ್ಕೆ ಯಾಕೆ ಬರುತ್ತಾರೆ ಹೇಳಿ?

ಎರಡನೇ ಸಲ ನನ್ನ ಸಿವಿಯಲ್ಲಿ ‘ಮಾಧ್ಯಮ ಸಂಬಂಧಗಳ ಸಮರ್ಥ ನಿರ್ವಹಣೆ’ ಅಂತಿತ್ತು. ಯಾರು ಬೇಕಾದರೂ ಬರೆಯಬಹುದಾದ ಸಾಲು. ಮೂರನೇ ಸಲಕ್ಕೆ ಅದನ್ನು ಕಿತ್ತು ಹಾಕಿ ಹೀಗೆ ಬರೆದೆ: ‘ಪ್ರವಾಹದ ಮೊದಲ 48 ಗಂಟೆಯಲ್ಲಿ 14 ಸಂದರ್ಶನ ಏರ್ಪಡಿಸಿದೆ. ಅದರಲ್ಲಿ 9 ಸ್ಥಳೀಯ ಸಿಬ್ಬಂದಿಯವು. ಒಂದು ಫೋಟೋ ತಡೆದೆ.’

ಆ ಕೊನೆಯ ಮೂರು ಪದ ಹಾಕಲೋ ಬೇಡವೋ ಅಂತ ಎರಡು ದಿನ ಯೋಚಿಸಿದ್ದೆ. ಆಗ ನಾನು ಒಂದು ಸಣ್ಣ ಸಂಸ್ಥೆಯಲ್ಲಿದ್ದೆ. ಫೋಟೋದಲ್ಲಿ ಹತ್ತು ವರ್ಷದ ಹುಡುಗಿ, ಹಿಂದೆ ಕುಸಿದ ಗೋಡೆ. ಬೆಳಕು ಚೆನ್ನಾಗಿತ್ತು. ಒಂದು ಚಾನೆಲ್‌ನವರು ಅದನ್ನೇ ಬೇಕು ಅಂದರು. ತಾಯಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಳು. ಆದರೆ ಸಹಿ ಹಾಕಿದ್ದು ಅಕ್ಕಿಯ ಸಾಲಿನಲ್ಲಿ ನಿಂತಿದ್ದಾಗ. ಅಕ್ಕಿ ಕೊಡುವವರೇ ಕಾಗದ ಚಾಚಿದರೆ ಬೇಡ ಅನ್ನುವುದು ಯಾರಿಂದ ಸಾಧ್ಯ? ಮೇಲಾಗಿ ಹುಡುಗಿಯ ಅಂಗಿಯ ಮೇಲೆ ಶಾಲೆಯ ಹೆಸರು ಸ್ಪಷ್ಟವಾಗಿ ಕಾಣುತ್ತಿತ್ತು. ಕೊಡುವುದಿಲ್ಲ ಅಂದೆ. ಚಾನೆಲ್ ಇಡೀ ಸುದ್ದಿಯನ್ನೇ ಕೈಬಿಟ್ಟಿತು. ದೇಣಿಗೆ ವಿಭಾಗದವರು ಒಂದು ವಾರ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಇದು ಸೋಲು, ಸಿವಿಯಲ್ಲಿ ಹಾಕುವಂಥದ್ದಲ್ಲ ಅಂದುಕೊಂಡಿದ್ದೆ. ಮುಕ್ಕಾಲು ಗಂಟೆಯ ಸಂದರ್ಶನದಲ್ಲಿ ಅರ್ಧ ಗಂಟೆ ಅದರ ಸುತ್ತಲೇ ನಡೆಯಿತು. ಸುದ್ದಿ ಮಾಡಿಸಿದವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಯಾವುದನ್ನು, ಯಾಕೆ ಬಿಟ್ಟುಕೊಟ್ಟಿರಿ ಅಂತ ಹೇಳಬಲ್ಲವರು ಕಡಿಮೆ. ನಿಮ್ಮಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಅಲ್ವಾ? ಹುಡುಕಿ ಬರೆಯಿರಿ.

ಶಾರ್ಟ್‌ಲಿಸ್ಟ್ ಆದರೆ ಬರಹದ ಪರೀಕ್ಷೆ ಇರಬಹುದು. ನಾನು ಕೊಡುವ ಪ್ರಶ್ನೆ ಸುಮಾರಾಗಿ ಇಂಥದ್ದು: ರಾತ್ರಿ 9.40. ನಿಮ್ಮ ಆಹಾರದ ಲಾರಿಗಳ ಮೇಲೆ ದಾಳಿಯಾಗಿದೆ ಅಂತ ಸೋಷಿಯಲ್ ಮೀಡಿಯಾದಲ್ಲಿ ಹರಿದಾಡುತ್ತಿದೆ. ಇಬ್ಬರು ಡ್ರೈವರ್‌ಗಳ ಫೋನ್ ಸಿಗುತ್ತಿಲ್ಲ. ಸುದ್ದಿಸಂಸ್ಥೆಯೊಂದು 20 ನಿಮಿಷದಲ್ಲಿ ಹೇಳಿಕೆ ಕೇಳಿದೆ.

ತುಂಬಾ ಜನ ‘ಈ ಹೇಯ ಕೃತ್ಯವನ್ನು ಉಗ್ರವಾಗಿ ಖಂಡಿಸುತ್ತೇವೆ’ ಅಂತ ಶುರುಮಾಡುತ್ತಾರೆ. ಯಾರನ್ನು ಖಂಡಿಸುತ್ತಿದ್ದೀರಿ? ಲಾರಿ ನಮ್ಮದೇನಾ ಅನ್ನುವುದೇ ಇನ್ನೂ ಖಾತ್ರಿಯಿಲ್ಲ. ಡ್ರೈವರ್ ಹೆಂಡತಿಗೆ ವಿಷಯ ಟೀವಿಯಿಂದ ಗೊತ್ತಾಗಬೇಕೇ? ನನಗೆ ಇಷ್ಟು ಸಾಕು:

‘ನಮ್ಮ ವಾಹನಗಳಿಗೆ ಸಂಬಂಧಿಸಿದ ಘಟನೆಯೊಂದರ ಬಗ್ಗೆ ಬರುತ್ತಿರುವ ವರದಿಗಳನ್ನು ಪರಿಶೀಲಿಸುತ್ತಿದ್ದೇವೆ. ಸಿಬ್ಬಂದಿಯ ಸುರಕ್ಷತೆಯೇ ಈಗ ನಮಗೆ ಮುಖ್ಯ. ಖಚಿತವಾದ ಕೂಡಲೇ ತಿಳಿಸುತ್ತೇವೆ.’

ಮೂರೇ ಸಾಲು. ಅದರ ಕೆಳಗೆ ಪರೀಕ್ಷಕರಿಗೊಂದು ಟಿಪ್ಪಣಿ ಬರೆಯಿರಿ: ಮೊದಲು ಯಾರಿಗೆ ಫೋನ್ ಮಾಡುತ್ತೀರಿ, ಏನೇನು ಹೇಳುವುದಿಲ್ಲ (ಹೆಸರು, ಎಷ್ಟು ಜನ, ಯಾವ ದಾರಿ), ಮುಂದಿನ ಮಾಹಿತಿ ಯಾವಾಗ. ನಾನು ಜಾಸ್ತಿ ಅಂಕ ಹಾಕುವುದು ಈ ಟಿಪ್ಪಣಿಗೇ.

ಸಂದರ್ಶನದಲ್ಲಿ ಸಿಬ್ಬಂದಿಯ ದುರ್ವರ್ತನೆ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಪತ್ರಕರ್ತೆಯೊಬ್ಬಳು ನಿಮ್ಮವರೇ ಹೆಣ್ಣುಮಗಳನ್ನು ಶೋಷಿಸಿದ್ದಾರೆ ಅಂತ ಕೇಳಿದರೆ ಏನು ಮಾಡುತ್ತೀರಿ? ಸಂಸ್ಥೆಯ ಹೆಸರು ಉಳಿಸುವ ಮಾತು ಮೊದಲು ಬಂದರೆ ಅಲ್ಲಿಗೆ ಮುಗಿಯಿತು. ದೂರು ಕೊಟ್ಟವರ ಸುರಕ್ಷತೆ ಮೊದಲು, ತನಿಖೆಗೆ ಒಪ್ಪಿಸುವುದು ಆಮೇಲೆ, ಮೀಡಿಯಾ ಕೊನೆಗೆ. ಇನ್ನೊಂದು ವಿಷಯ: 2019ರಿಂದ ದುರ್ವರ್ತನೆ ಮಾಹಿತಿ ಹಂಚಿಕೊಳ್ಳುವ ಒಂದು ವ್ಯವಸ್ಥೆ ಈ ವಲಯದಲ್ಲಿದೆ. ಅದಕ್ಕೆ ಸೇರಿದ ಸಂಸ್ಥೆಗಳು ನಿಮ್ಮ ಹಳೆಯ ಕಚೇರಿಗಳನ್ನು ನೇರವಾಗಿ ವಿಚಾರಿಸುತ್ತವೆ. ಸಿವಿಯಲ್ಲಿ ಕೆಲಸ ಬಿಟ್ಟ ತಿಂಗಳುಗಳನ್ನು ಸುಮ್ನೆ ಮುಚ್ಚಿಡಲು ಹೋಗಬೇಡಿ.

ಕೊನೆಗೆ ‘ನಿಮ್ಮದೇನಾದರೂ ಪ್ರಶ್ನೆ?’ ಅನ್ನುತ್ತಾರೆ. ನಾನು ಎಲ್ಲ ಕಡೆ ಒಂದೇ ಕೇಳಿದ್ದೇನೆ: ರಾತ್ರಿ ಎರಡಕ್ಕೆ ಫೋನ್ ಬಂದರೆ ಹೇಳಿಕೆಗೆ ಒಪ್ಪಿಗೆ ಕೊಡುವವರು ಯಾರು? ಎರಡನೇ ಸಲದ ಕಡೆ ಐದು ಜನರ ಹೆಸರು ಹೇಳಿ, ಅಧ್ಯಕ್ಷರಿಗೂ ಒಮ್ಮೆ ತೋರಿಸಬೇಕಾಗುತ್ತದೆ ಅಂದರು. ಅಲ್ಲಿ ಕೆಲಸ ಸಿಗದಿದ್ದಕ್ಕೆ ಈಗ ಬೇಜಾರಿಲ್ಲ. ಮೂರನೇ ಕಡೆ ಹೇಳಿದ್ದು ಇಬ್ಬರ ಹೆಸರು, ಒಬ್ಬರು ಎತ್ತದಿದ್ದರೆ ಇನ್ನೊಬ್ಬರು. ಆ ಎರಡು ನಂಬರು ಇವತ್ತಿಗೂ ನನಗೆ ಬಾಯಿಪಾಠ.