ಸ್ಪಿರುಲಿನಾ ತೊಟ್ಟಿಗೆ ರೋಟಿಫರ್ ಹೊಕ್ಕರೆ

ಜಪಾನ್, ಕೊರಿಯಾದ ಕಡಲಲ್ಲಿ ಬೆಳೆಸುವ ನೋರಿ ಪಾಚಿಗೆ ಕೆಂಪು ಕೊಳೆ ರೋಗ ತರುವುದು ಪಿಥಿಯಂ ಎಂಬ ಶಿಲೀಂಧ್ರದಂಥ ರೋಗಾಣು. ಕೋಲಾರದ ನರ್ಸರಿಗಳಲ್ಲಿ ಟೊಮೆಟೊ ಸಸಿಯ ಬುಡ ಕೊಳೆಸುವುದೂ ಅದೇ ಕುಲ. ಆಹಾರಕ್ಕೆಂದು ಕ್ಷಾರದ ನೀರಿನಲ್ಲಿ ಬೆಳೆಸುವ ನೀಲಿ-ಹಸಿರು ಪಾಚಿ ಸ್ಪಿರುಲಿನಾ. ಅದರ ತೊಟ್ಟಿಯ ಶತ್ರುಗಳೇ ಬೇರೆ: ಪಾಚಿಯನ್ನು ಮೇಯುವ ಅಮೀಬಾ, ಸಿಲಿಯೇಟ್, ರೋಟಿಫರ್ ಎಂಬ ಸೂಕ್ಷ್ಮಜೀವಿಗಳು. ನೀರಿನ ಕ್ಷಾರ ತಗ್ಗಿದಾಗ ಇವಕ್ಕೆ ದಾರಿ ಸುಲಭ.

ಮೊದಲು ನೀರು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ತುಂಬುವ ಕೆರೆಗಳದ್ದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ತಿನ್ನುವ ಬೆಳೆಗೆ ಅದು ಬೇಡವೇ ಬೇಡ. ಬೋರ್‌ವೆಲ್ ನೀರು ಗಡಸಾಗಿದ್ದರೆ, ಕ್ಷಾರಕ್ಕೆಂದು ಅಡುಗೆ ಸೋಡಾ ಹಾಕಿದ ಮೇಲೆ ಸುಣ್ಣ ಬಿಳಿಯಾಗಿ ತಳ ಸೇರುತ್ತದೆ, ಜೊತೆಗೆ ರಂಜಕವೂ ಹೋಗುತ್ತದೆ. ಹಾಗಾಗಿ ಸೋಡಾ ಬೆರೆಸಿ ಎರಡು ದಿನ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಬಿಟ್ಟು, ಗೊಬ್ಬರವನ್ನು ಆಮೇಲೆ ಕೊಡಿ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಮಾತ್ರ ಇದರಿಂದ ಹೋಗುವುದಿಲ್ಲ. ಛಾವಣಿಯ ಮಳೆನೀರನ್ನು ಸೋಸಿ ಬಳಸುವುದೇ ವಾಸಿ.

1,000 ಲೀಟರ್ ನೀರಿಗೆ 8 ಕಿಲೊ ಅಡುಗೆ ಸೋಡಾ, 5 ಕಿಲೊ ಉಪ್ಪು. ಆಳ 20 ಸೆಂ.ಮೀ. ಸಾಕು. ಪಿಎಚ್ (ಕ್ಷಾರದ ಅಳತೆ) 9.5ರಿಂದ 10.5ರ ನಡುವೆ ಇರಲಿ. ಕಾಗದದ ಪಟ್ಟಿ ನಂಬಬೇಡಿ, ಮೀಟರ್ ಇಟ್ಟುಕೊಳ್ಳಿ. ತೊಟ್ಟಿಗೆ ಪಾಲಿಥಿನ್ ಚಾವಣಿ, ಸುತ್ತ ಸೊಳ್ಳೆ ಪರದೆ ಕಟ್ಟಿ. 2 ಸೆಂ.ಮೀ. ಮಳೆ ಒಳಗೆ ಬಿದ್ದರೂ ಪ್ರತಿ 1,000 ಲೀಟರಿಗೆ 100 ಲೀಟರ್ ಸಪ್ಪೆ ನೀರು ಸೇರಿದಂತೆ. 800 ಗ್ರಾಂ ಸೋಡಾ ಮತ್ತೆ ಹಾಕಬೇಕು.

ದಿನಾ ಬೆಳಿಗ್ಗೆ ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು ಬೆಳಕಿಗೆ ಹಿಡಿಯಿರಿ. ಬಿಳಿ ಚುಕ್ಕೆಗಳು ಓಡಾಡಿದರೆ ರೋಟಿಫರ್. ಅಮೀಬಾ ಬರಿಗಣ್ಣಿಗೆ ಬೀಳದು. ಶಾಲೆಯ ಸಾದಾ ಸೂಕ್ಷ್ಮದರ್ಶಕದಲ್ಲಿ 100 ಪಟ್ಟು ಹಿಗ್ಗಿಸಿ ನೋಡಿದರೆ ಅದರೊಳಗೆ ನುಂಗಿದ ಹಸಿರು ಎಳೆ ಕಾಣುತ್ತದೆ. ಕಟಾವಿನಲ್ಲಿ ಸ್ಪಿರುಲಿನಾ ಸೋಸುವ ಬಟ್ಟೆಯಿಂದ ಇಳಿದ ನೀರು ತಿಳಿಯಾಗಿರದೆ ಹಸಿರಾಗಿದ್ದರೆ ಅದು ಬೇರೆಯೇ ಕಥೆ: ಕ್ಲೋರೆಲ್ಲಾ ಎಂಬ ಒಂಟಿಕೋಶದ ಹಸಿರು ಪಾಚಿ ಸೇರಿದೆ. ಅದರ ಕಣ ಬಟ್ಟೆಗೆ ಸಿಕ್ಕದೆ ಜಾರುತ್ತದೆ. ಆ ನೀರನ್ನು ತೊಟ್ಟಿಗೆ ಮರಳಿ ಬಿಡಬೇಡಿ. ಡಿಸೆಂಬರ್ ಚಳಿಯಲ್ಲಿ ಸ್ಪಿರುಲಿನಾ ಮಂದವಾಗುವುದರಿಂದ ಈ ತೊಂದರೆ ಹೆಚ್ಚು. ರಾತ್ರಿ ತೊಟ್ಟಿ ಮುಚ್ಚಿ, ಕಟಾವು ಕಡಿಮೆ ಮಾಡಿ.

ರೋಟಿಫರ್ ವಿರಳವಾಗಿದ್ದಾಗಲೇ ಆಹಾರ ದರ್ಜೆಯ ವಾಷಿಂಗ್ ಸೋಡಾವನ್ನು ಬೇರೆ ಬಕೆಟ್ಟಿನಲ್ಲಿ ಕರಗಿಸಿ, ಎರಡು ಮೂರು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಪಿಎಚ್ 10.5ಕ್ಕೆ ತನ್ನಿ. 11 ದಾಟಿದರೆ ಸ್ಪಿರುಲಿನಾವೇ ನರಳುತ್ತದೆ. ಯೂರಿಯಾ ಸುರಿದು ಹುಳ ಕೊಲ್ಲುವ ಸಲಹೆ ಕೇಳಿಬರುತ್ತದೆ. ಇಷ್ಟು ಕ್ಷಾರದಲ್ಲಿ ಅದು ಅಮೋನಿಯವಾಗಿ ಬೆಳೆಯನ್ನೂ ಸುಡಬಹುದು.

ನೀರು ಕಂದಿ, ನೊರೆಗಟ್ಟಿ, ಕೆಟ್ಟ ವಾಸನೆ ಬಂದರೆ ಉಳಿಸುವ ಯತ್ನ ವ್ಯರ್ಥ. ಆ ಫಸಲನ್ನು ತಿನ್ನಬೇಡಿ, ಮಾರಬೇಡಿ. ತೊಟ್ಟಿ ಬರಿದು ಮಾಡಿ ಒಣಗಿಸುವುದೊಂದೇ ಸಾಲದು, ರೋಟಿಫರಿನ ಮೊಟ್ಟೆ ಒಣ ತಳದಲ್ಲೂ ಬದುಕಿರುತ್ತದೆ. ಮೊದಲು ಉಜ್ಜಿ ತೊಳೆದು, ಲೀಟರಿಗೆ 1 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿದ ನೀರನ್ನು ಒಂದು ಗಂಟೆ ನಿಲ್ಲಿಸಿ, ವಾಸನೆ ಹೋಗುವವರೆಗೆ ತೊಳೆದು ಬಿಸಿಲಿಗೆ ಬಿಡಿ. ಬಕೆಟ್, ಬಟ್ಟೆ, ಕಲಕುವ ಕೋಲಿಗೂ ಇದೇ ಉಪಚಾರ. ಹೊಸ ಬೀಜ (ಸ್ಪಿರುಲಿನಾ ಇರುವ ನೀರು) ತರುವಾಗ ಒಂದು ಹನಿಯನ್ನಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿಯೇ ದುಡ್ಡು ಕೊಡಿ.