ಗಂಗೋತ್ರಿಯಲ್ಲಿ ಇವತ್ತೇನಿದೆ? ಮೈಸೂರು ವಿ.ವಿ. ಕಾರ್ಯಕ್ರಮಗಳಿಗೆ ಹೋಗುವವರಿಗೆ ಕೈಪಿಡಿ

ವಾಟ್ಸಾಪಿನಲ್ಲಿ ಬಂದ ಆಹ್ವಾನ ಪತ್ರಿಕೆ ತೆರೆದ ಕೂಡಲೇ ಕಣ್ಣು ಹೋಗುವುದು ಅತಿಥಿಗಳ ಹೆಸರಿನ ಮೇಲೆ. ಅದನ್ನು ಬಿಟ್ಟು ಮೊದಲು ಕೆಳಗಿಳಿದು ಸ್ಥಳದ ಸಾಲು ಓದಿ. ಮೈಸೂರು ವಿಶ್ವವಿದ್ಯಾನಿಲಯದ ಕಾರ್ಯಕ್ರಮಗಳಲ್ಲಿ ದಿನ ಮರೆತು ತಪ್ಪಿಸಿಕೊಳ್ಳುವವರಿಗಿಂತ ಬೇರೆಲ್ಲೋ ಹೋಗಿ ನಿಂತು ತಪ್ಪಿಸಿಕೊಳ್ಳುವವರೇ ಜಾಸ್ತಿ.

ಕಾರಣ ಸರಳ. ಈ ವಿಶ್ವವಿದ್ಯಾನಿಲಯ ಒಂದೇ ಕಾಂಪೌಂಡಿನೊಳಗಿಲ್ಲ. 1916ರಲ್ಲಿ ಶುರುವಾದಾಗ ಮೈಸೂರಿನಲ್ಲಿ ಅದಕ್ಕಿದ್ದ ನೆಲೆ ಊರೊಳಗಿನ ಮಹಾರಾಜ ಕಾಲೇಜು. ಕುವೆಂಪು ಚುಕ್ಕಾಣಿ ಹಿಡಿದಿದ್ದ 1956ರಿಂದ 1960ರ ಅವಧಿಯಲ್ಲಿ ಕುಕ್ಕರಹಳ್ಳಿ ಕೆರೆಯ ಮಗ್ಗುಲಲ್ಲಿ ಸ್ನಾತಕೋತ್ತರ ಆವರಣದ ಯೋಜನೆ ರೂಪುಗೊಂಡಿತು. ಮಾನಸಗಂಗೋತ್ರಿ (ಆಡುಮಾತಿನಲ್ಲಿ ಬರೀ ಗಂಗೋತ್ರಿ) ಎಂಬ ಹೆಸರೂ ಅವರೇ ಇಟ್ಟದ್ದು. ಹೀಗಾಗಿ ಇಂದಿಗೂ ಆಡಳಿತ ಒಂದು ಕಡೆ, ಪಾಠ ಇನ್ನೊಂದು ಕಡೆ. ಕುಲಪತಿ, ಕುಲಸಚಿವರ ಕಚೇರಿಗಳಿರುವ ಕ್ರಾಫರ್ಡ್ ಭವನಕ್ಕೆ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಮಹಾರಾಜ ಕಾಲೇಜು, ಯುವರಾಜ ಕಾಲೇಜು, ಪ್ರಾಚ್ಯವಿದ್ಯಾ ಸಂಶೋಧನಾಲಯ ಎಲ್ಲ ಅದೇ ಆಸುಪಾಸಿನಲ್ಲಿವೆ. ಗಂಗೋತ್ರಿ ಅಲ್ಲಿಂದ ಎರಡು ಕಿಲೋಮೀಟರಿಗೂ ಆಚೆ. ಪತ್ರಿಕೆಯಲ್ಲಿ ‘ಶತಮಾನೋತ್ಸವ ಭವನ’ ಎಂದಿದ್ದರೆ ಮಹಾರಾಜ ಕಾಲೇಜಿಗೆ ಹೋಗಬೇಕು. ‘ರಾಣಿ ಬಹದ್ದೂರ್ ಸಭಾಂಗಣ’, ‘ವಿಜ್ಞಾನ ಭವನ’, ‘ಸೆನೆಟ್ ಭವನ’, ‘ಬಿ.ಎಂ.ಶ್ರೀ ಸಭಾಂಗಣ’ ಎಂದಿದ್ದರೆ ಗಂಗೋತ್ರಿಗೆ. ಕೊನೆಯದು ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯೊಳಗಿದೆ. ಗೇಟಿನಲ್ಲಿ ಸಭಾಂಗಣದ ಹೆಸರು ಹೇಳುವ ಬದಲು ಸಂಸ್ಥೆಯ ಹೆಸರು ಕೇಳಿದರೆ ಬೇಗ ದಾರಿ ಸಿಗುತ್ತದೆ.

ಇನ್ನೊಂದು ಎಡವಟ್ಟು ಹೆಸರಿನಿಂದಲೇ ಆಗುವಂಥದ್ದು. ಪಕ್ಕದಲ್ಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, ಅದರ ಆವರಣದ ಹೆಸರು ಮುಕ್ತಗಂಗೋತ್ರಿ. ‘ಕಾವೇರಿ ಸಭಾಂಗಣ’ ಇರುವುದು ಅಲ್ಲಿ. ‘ಗಂಗೋತ್ರಿ’ ಎಂದಷ್ಟೇ ಹೇಳಿ ಆಟೋ ಹತ್ತಿದರೆ ಇಳಿಯುವುದು ಮಾನಸಗಂಗೋತ್ರಿಯಲ್ಲೇ. ಭಾರತೀಯ ಭಾಷಾ ಸಂಸ್ಥಾನ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡರ ವಿಳಾಸದಲ್ಲೂ ಮಾನಸಗಂಗೋತ್ರಿ ಎಂದಿರುತ್ತದೆ, ಆದರೆ ಅವು ಕೇಂದ್ರ ಸರ್ಕಾರದ ಸಂಸ್ಥೆಗಳು. ಅವುಗಳ ಗೇಟೇ ಬೇರೆ, ಒಳಗೆ ಹೋಗುವಾಗ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುತ್ತಾರೆ. ಗುರುತಿನ ಚೀಟಿ ಜೇಬಿನಲ್ಲಿರಲಿ.

ಸುದ್ದಿ ಸಿಗುವುದು ಎಲ್ಲಿ

ಎಲ್ಲ ಕಾರ್ಯಕ್ರಮಗಳನ್ನೂ ಒಂದೇ ಕಡೆ ಪಟ್ಟಿ ಮಾಡಿದ ಜಾಗ ಇರಬೇಕೆಂದು ಹುಡುಕಿ ಕಾಲ ಕಳೆಯಬೇಡಿ. ನಂಬಬಹುದಾದದ್ದು ಬೆಳಗಿನ ದಿನಪತ್ರಿಕೆಯ ಮೈಸೂರು ಪುಟದಲ್ಲಿ ಬರುವ ‘ಇಂದಿನ ಕಾರ್ಯಕ್ರಮ’ದಂಥ ಅಂಕಣ. ‘ಆಂದೋಲನ’, ‘ಮೈಸೂರು ಮಿತ್ರ’ದಂಥ ಊರಿನ ಪತ್ರಿಕೆಗಳಲ್ಲಿ ಸಣ್ಣಪುಟ್ಟ ಸಂಘಗಳ ಸಭೆಗೂ ಎರಡು ಸಾಲು ಜಾಗ ಸಿಗುತ್ತದೆ. ಆ ಎರಡು ಸಾಲಿನಲ್ಲಿ ಕ್ರಮ ಹೀಗಿರುತ್ತದೆ: ಆಯೋಜಕರು, ವಿಷಯ, ಹೆಸರುಗಳ ಸರಮಾಲೆ, ಸ್ಥಳ, ಸಮಯ. ಓದುವಾಗ ಹಿಂದಿನಿಂದ ಮುಂದಕ್ಕೆ ಓದಿದರೆ ಕೆಲಸ ಬೇಗ ಆಗುತ್ತದೆ.

ಪತ್ರಿಕೆಗೆ ಬಾರದಂಥವು ವಿಭಾಗದ ಸೂಚನಾ ಫಲಕದಲ್ಲಿರುತ್ತವೆ. ವಾರಕ್ಕೊಮ್ಮೆ ನಿಮ್ಮ ಆಸಕ್ತಿಯ ಎರಡು ಮೂರು ವಿಭಾಗಗಳ ಫಲಕದ ಮುಂದೆ ನಿಂತು ಬಂದರೆ ಸಾಕು. ಅಲ್ಲಿನ ಸಂಶೋಧನಾ ವಿದ್ಯಾರ್ಥಿಯೊಬ್ಬರ ಪರಿಚಯವಾದರೆ ಅದೂ ಬೇಡ. ವಾಟ್ಸಾಪಿನಲ್ಲಿ ಓಡಾಡುವ ಆಹ್ವಾನ ಪತ್ರಿಕೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ದಿನಾಂಕದ ಪಕ್ಕದ ವಾರ ತಾಳೆಯಾಗುತ್ತದೆಯೇ ನೋಡಿ. ‘15ನೇ ತಾರೀಖು ಗುರುವಾರ’ ಎಂದಿದ್ದು ಈ ತಿಂಗಳ 15 ಭಾನುವಾರವಾಗಿದ್ದರೆ, ಅದು ಹಳೆಯ ವರ್ಷದ್ದು ಅಥವಾ ಅವಸರದಲ್ಲಿ ಹಳೆಯದರ ಮೇಲೆ ತಿದ್ದಿದ್ದು. ಎರಡೂ ಆಗುವುದುಂಟು.

10.30 ಎಂದರೆ ಎಷ್ಟು?

ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ 10.30 ಎಂದಿದೆ, ಉದ್ಘಾಟಕರು ಮಂತ್ರಿಗಳೋ ಶಾಸಕರೋ ಆಗಿದ್ದಾರೆ ಎಂದುಕೊಳ್ಳಿ. ಶುರುವಾಗುವುದು 11ರ ಮೇಲೆ. ನಾಡಗೀತೆಗೆ ಎರಡೂವರೆ ನಿಮಿಷ ಎಂದು ಸರ್ಕಾರ 2022ರಲ್ಲೇ ಗೊತ್ತು ಮಾಡಿದೆ, ಸ್ವಾಗತ ಭಾಷಣಕ್ಕೆ ಅಂಥ ಗಡಿ ಇನ್ನೂ ಬಂದಿಲ್ಲ. ಸ್ವಾಗತ, ಪ್ರಾಸ್ತಾವಿಕ ನುಡಿ, ಗಿಡಕ್ಕೆ ನೀರೆರೆಯುವುದು ಅಥವಾ ದೀಪ ಬೆಳಗುವುದು, ಪುಸ್ತಕ ಬಿಡುಗಡೆ, ಸನ್ಮಾನ ಮುಗಿಯುವ ಹೊತ್ತಿಗೆ ಒಂದೂವರೆ ಗಂಟೆ ಹೋಗಿರುತ್ತದೆ. ವಿಷಯ ಕೇಳಲೆಂದೇ ಬರುವವರು ಪತ್ರಿಕೆಯಲ್ಲಿ ‘ಆಶಯ ನುಡಿ’ ಯಾರದು ಎಂದು ನೋಡಬೇಕು, ಒಳಪುಟದಲ್ಲಿ ‘ಗೋಷ್ಠಿ-1’ರ ಸಮಯ ನೋಡಬೇಕು. ತಿರುಳೆಲ್ಲ ಗೋಷ್ಠಿಯಲ್ಲೇ ಇರುತ್ತದೆ. ಊಟದ ನಂತರದ ಗೋಷ್ಠಿಗೆ ಅರ್ಧ ಸಭಾಂಗಣ ಖಾಲಿ. ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಉದ್ಘಾಟನೆ ತಡವಾದರೆ ಕತ್ತರಿ ಬೀಳುವುದು ಗೋಷ್ಠಿಗೇ ಎಂಬುದೂ ನೆನಪಿರಲಿ. 12ಕ್ಕೆ ಇದ್ದದ್ದು ಊಟದ ಆಚೆಗೆ ಹೋಗುತ್ತದೆ, ಇಲ್ಲವೇ ಎರಡು ಗೋಷ್ಠಿ ಸೇರಿ ಒಂದಾಗುತ್ತದೆ. ನಿಮಗೆ ಬೇಕಾದ ಭಾಷಣಕಾರರು ಮಧ್ಯಾಹ್ನದವರಾದರೆ 1 ಗಂಟೆಯ ಸುಮಾರಿಗೆ ಆಯೋಜಕರ ನಂಬರಿಗೆ ಒಂದು ಫೋನ್ ಮಾಡಿ.

ದತ್ತಿ ಉಪನ್ಯಾಸಗಳ ರೀತಿಯೇ ಬೇರೆ. ದಾನಿಗಳು ಇಟ್ಟ ಹಣದ ಬಡ್ಡಿಯಲ್ಲಿ ನಡೆಯುವ ಇವು ಸಾಮಾನ್ಯವಾಗಿ ಒಬ್ಬರೇ ಮಾತಾಡುವ, ಒಂದೂವರೆ ಗಂಟೆಯಲ್ಲಿ ಮುಗಿಯುವ ಸಭೆಗಳು. ನೋಂದಣಿ ಇಲ್ಲ, ಶುಲ್ಕ ಇಲ್ಲ. ವಿಶ್ವವಿದ್ಯಾನಿಲಯವನ್ನು ಜನರ ಬಳಿಗೆ ಒಯ್ಯಬೇಕೆಂದು ಬಿ.ಎಂ. ಶ್ರೀಕಂಠಯ್ಯನವರ ಕಾಲದಲ್ಲಿ ನಡೆಯುತ್ತಿದ್ದ ಪ್ರಚಾರೋಪನ್ಯಾಸಗಳ ಜಾಯಮಾನ ಉಳಿದಿದ್ದರೆ ಇವುಗಳಲ್ಲೇ ಉಳಿದಿದೆ. 10 ನಿಮಿಷ ಮುಂಚೆ ಹೋಗಿ, ಏಕೆಂದರೆ ಇವು ಹೇಳಿದ ಹೊತ್ತಿಗೇ ಶುರುವಾಗಿಬಿಡಬಹುದು.

ಹೊರಗಿನವರಿಗೆ ಹೆಚ್ಚು ಗೊತ್ತಿಲ್ಲದ ಇನ್ನೊಂದು ಸಭೆ ಪಿಎಚ್.ಡಿ. ಬಹಿರಂಗ ಮೌಖಿಕ ಪರೀಕ್ಷೆ. ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳ ಜೊತೆ ಇತರ ವಿದ್ಯಾರ್ಥಿಗಳೂ ಬರಬಹುದೆಂದು ಯುಜಿಸಿಯ (ವಿಶ್ವವಿದ್ಯಾನಿಲಯ ಅನುದಾನ ಆಯೋಗ) 2022ರ ನಿಯಮವೇ ಹೇಳುತ್ತದೆ. ನಾಲ್ಕಾರು ವರ್ಷದ ಕೆಲಸವನ್ನು ಅಭ್ಯರ್ಥಿ ಅರ್ಧ ಗಂಟೆಯಲ್ಲಿ ಹೇಳುತ್ತಾರೆ, ಪರೀಕ್ಷಕರು ಅದನ್ನು ಜಾಲಾಡುತ್ತಾರೆ. ವಿಭಾಗದ ಮುಖ್ಯಸ್ಥರಿಗೆ ಮುಂಚೆಯೇ ಒಂದು ಮಾತು ತಿಳಿಸಿ ಹೋಗಿ, ಪರೀಕ್ಷಕರ ಸರದಿ ಮುಗಿಯುವವರೆಗೆ ಪ್ರಶ್ನೆ ಎತ್ತಬೇಡಿ.

ವಿಚಾರ ಸಂಕಿರಣಕ್ಕೆ ಪ್ರಬಂಧ ಕಳಿಸುವವರು

ಸಾರಲೇಖ, ಪೂರ್ಣ ಪ್ರಬಂಧ, ನೋಂದಣಿ ಶುಲ್ಕ ಮೂರಕ್ಕೂ ಬೇರೆ ಬೇರೆ ಕೊನೆಯ ದಿನ ಇರುತ್ತದೆ. ಪ್ರಕಟಣೆಗೆ ಪ್ರತ್ಯೇಕ ಹಣ ಕೇಳಿದ್ದಾರೆಯೇ ಎಂದು ಸಣ್ಣಕ್ಷರದ ಸಾಲು ಓದಿ.

ಕನ್ನಡದಲ್ಲಿ ಬರೆಯುವವರಿಗೆ ನಿಜವಾದ ತಲೆನೋವು ಫಾಂಟು. ‘ನುಡಿ 01 ಇ, 14 ಅಳತೆ’ ಎಂದು ಕೇಳಿದ ಕಡೆ ಯೂನಿಕೋಡ್ ಕಡತ ಕಳಿಸಿದರೆ ಪುಟ ಜೋಡಿಸುವವರು ಪರಿವರ್ತಕದಲ್ಲಿ ಹಾಕುತ್ತಾರೆ, ಆಗ ನಿಮ್ಮ ಪ್ರಬಂಧದೊಳಗಿನ ಇಂಗ್ಲಿಷ್ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಚೂರುಗಳಾಗಿ ಅಚ್ಚಾಗುತ್ತವೆ. ಹಳೆಯ ನುಡಿ ಫಾಂಟಿನಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿರುವುದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ, ಅದಕ್ಕೇ ಈ ಫಜೀತಿ. ನೀವೇ ಪರಿವರ್ತಿಸಿ. ಆಮೇಲೆ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಆಯ್ದು ಬೇರೆ ಫಾಂಟಿಗೆ ಬದಲಿಸಿ, ಅರ್ಕಾವೊತ್ತು ಇರುವ ಪದಗಳನ್ನೂ ಅಂಕಿಗಳನ್ನೂ ಕಣ್ಣಿಟ್ಟು ನೋಡಿ. ವರ್ಡ್ ಕಡತದ ಜೊತೆಗೆ ಪಿಡಿಎಫ್ ಒಂದನ್ನೂ ಕಳಿಸಿ. ಅಕ್ಷರ ಕೆಟ್ಟರೆ ಅವರಿಗೆ ತಾಳೆ ನೋಡಲು ಅದೇ ಆಧಾರ.

ಆ ದಿನ ಬೆಳಿಗ್ಗೆ ನೋಂದಣಿ ಮೇಜಿನಲ್ಲಿ ಹೆಸರನ್ನು ಪ್ರಮಾಣಪತ್ರದಲ್ಲಿ ಹೇಗೆ ಬರಬೇಕೋ ಹಾಗೇ, ಇನಿಷಿಯಲ್ ಸಮೇತ ಬಿಡಿಸಿ ಬರೆಯಿರಿ. ಊಟದ ಕೂಪನ್ನು ಫೈಲಿನೊಳಗೇ ಸೇರಿಕೊಂಡಿರುತ್ತದೆ, ಹುಡುಕಿ ಜೇಬಿಗೆ ಹಾಕಿ. ಓ.ಓ.ಡಿ. (ಅನ್ಯ ಕಾರ್ಯ ನಿಮಿತ್ತ) ಮೇಲೆ ಬಂದ ಅಧ್ಯಾಪಕರು ಹಾಜರಾತಿ ಪತ್ರವನ್ನು ಅಂದೇ ಸಂಜೆ ಸಹಿ, ಮೊಹರು ಹಾಕಿಸಿ ಕೈಯಲ್ಲೇ ತಗೊಂಡು ಹೋಗಬೇಕು. ‘ಮೇಲ್ ಮಾಡ್ತೀವಿ ಸರ್’ ಎಂದದ್ದು ತಿಂಗಳಾದರೂ ಬರುವುದಿಲ್ಲ.

ವರ್ಷದ ಲೆಕ್ಕ

ಫೆಬ್ರುವರಿ, ಮಾರ್ಚಿನಲ್ಲಿ ವಿಚಾರ ಸಂಕಿರಣಗಳ ಸುಗ್ಗಿ. ಮಾರ್ಚ್ 31ರೊಳಗೆ ಅನುದಾನ ಖರ್ಚಾಗಬೇಕು, ಅದಕ್ಕೇ ಒಂದೇ ದಿನ ನಾಲ್ಕು ಕಡೆ ಬ್ಯಾನರ್ ಕಟ್ಟಿರುತ್ತಾರೆ. ಫೆಬ್ರುವರಿ 21ರ ತಾಯ್ನುಡಿ ದಿನಕ್ಕೆ ಭಾಷಾ ಸಂಸ್ಥಾನದ ಕಡೆ, 28ರ ವಿಜ್ಞಾನ ದಿನಕ್ಕೆ ವಿಜ್ಞಾನ ವಿಭಾಗಗಳ ಕಡೆ ಗಮನವಿರಲಿ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಜುಲೈ 27 ವಿಶ್ವವಿದ್ಯಾನಿಲಯದ ಸಂಸ್ಥಾಪನಾ ದಿನ. ನವೆಂಬರ್ ತಿಂಗಳಿಡೀ ರಾಜ್ಯೋತ್ಸವ. ವಿಶ್ವವಿದ್ಯಾನಿಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗದ ಪುಸ್ತಕ ಬೇಕಿದ್ದವರು ರಿಯಾಯಿತಿ ಇದೆಯೇ ಎಂದು ಆ ತಿಂಗಳು ಕೇಳಿ ನೋಡಬೇಕು. ಡಿಸೆಂಬರ್ 29 ಕುವೆಂಪು ಜನ್ಮದಿನ. ಘಟಿಕೋತ್ಸವಕ್ಕೆ ಪಾಸಿಲ್ಲದೆ ಪ್ರವೇಶವಿಲ್ಲ, ಪದವಿ ಪಡೆಯುವವರು ತಮ್ಮ ಮನೆಯವರಿಗೆ ಎಷ್ಟು ಪಾಸು ಸಿಗುತ್ತದೆಂದು ಮುಂಚೆಯೇ ವಿಚಾರಿಸಬೇಕು. ಪರೀಕ್ಷೆಯ ವಾರಗಳಲ್ಲಿ ಗಂಗೋತ್ರಿ ಸುಮ್ಮನಿರುತ್ತದೆ.

ದಸರಾ ಚಾಂದ್ರಮಾನದ ಹಬ್ಬವಾದ್ದರಿಂದ ತಾರೀಖು ನೆಚ್ಚಿಕೊಂಡರೆ ಆಗದು. ಕ್ಯಾಲೆಂಡರಿನಲ್ಲಿ ಮಹಾಲಯ ಅಮಾವಾಸ್ಯೆ ಹುಡುಕಿ, ಅಲ್ಲಿಂದ ಹಿಂದಕ್ಕೆ ವಾರ ಹತ್ತು ದಿನ ಎಣಿಸಿ. ಸುಮಾರಾಗಿ ಆ ದಿನಗಳಲ್ಲೇ ಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದೆ. ಕಾಲೇಜು ತಂಡಗಳ ನೃತ್ಯವೇ ಅಲ್ಲಿ ಮುಖ್ಯ, ಪ್ರವೇಶ ಉಚಿತ. ನಿಮ್ಮ ಮನೆ ಹುಡುಗಿ ಕುಣಿಯುವ ತಂಡ ಎಷ್ಟನೆಯದು ಎಂದು ಕೇಳಿಕೊಂಡು ಹೋಗಿ, ಏಕೆಂದರೆ ಪ್ರತಿ ತಂಡಕ್ಕೆ ಸಿಗುವುದು ಕೆಲವೇ ನಿಮಿಷ, ಜನರ ನಡುವೆ ಜಾಗ ಹುಡುಕುವಷ್ಟರಲ್ಲಿ ಮುಗಿದಿರುತ್ತದೆ. ಮೇಲೆ ಸೂರಿಲ್ಲ, ಹಿಂಗಾರಿನ ಹೊತ್ತು ಬೇರೆ. ಕೊಡೆ ಬಿಚ್ಚಿದರೆ ಹಿಂದಿನವರು ಬಯ್ಯುತ್ತಾರೆ, ಟೋಪಿ ಇರುವ ಮಳೆಕೋಟು ಒಳ್ಳೆಯದು. ಒದ್ದೆ ಮೆಟ್ಟಿಲ ಮೇಲೆ ಹಾಸಲು ಒಂದು ಪ್ಲಾಸ್ಟಿಕ್ ಹಾಳೆ ಇಟ್ಟುಕೊಳ್ಳಿ. ಜನ ಹೆಚ್ಚಾದಾಗ ಫೋನ್ ಹತ್ತುವುದಿಲ್ಲ. ಮುಗಿದ ಮೇಲೆ ಎಲ್ಲಿ ಸೇರಬೇಕೆಂದು ಒಳಗೆ ಹೋಗುವ ಮುಂಚೆಯೇ ಮಾತಾಡಿಕೊಳ್ಳಿ. ಯುವ ಸಂಭ್ರಮವನ್ನೂ ಯುವ ದಸರಾವನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಯುವ ದಸರಾ ಸಿನಿಮಾ ಗಾಯಕರು ಬರುವ ದೊಡ್ಡ ಕಾರ್ಯಕ್ರಮ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದದ್ದು 2024ರಲ್ಲಿ ಊರಾಚೆಯ ಉತ್ತನಹಳ್ಳಿ ಬಳಿಗೆ ಹೋಯಿತು.

ಹುಣಸೂರು ರಸ್ತೆಯ ಕಲಾಮಂದಿರ, ರಂಗಾಯಣ ವಿಶ್ವವಿದ್ಯಾನಿಲಯಕ್ಕೆ ಸೇರಿದವಲ್ಲ, ಆದರೂ ಗಂಗೋತ್ರಿಯ ವಿದ್ಯಾರ್ಥಿಗಳ ಸಂಜೆಗಳು ಕಳೆಯುವುದು ಅಲ್ಲೇ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ‘ಬಹುರೂಪಿ’ ನಾಟಕೋತ್ಸವ ಚಳಿಗಾಲದ ಆಸುಪಾಸಿನಲ್ಲಿ ಬರುತ್ತದೆ, ತಿಂಗಳು ಹಿಂದುಮುಂದಾಗುವುದುಂಟು. ಭೂಮಿಗೀತ, ವನರಂಗ, ಕಿರುರಂಗಮಂದಿರ, ಕಲಾಮಂದಿರ ಹೀಗೆ ಹಲವು ರಂಗಗಳಲ್ಲಿ ಒಂದೇ ಸಂಜೆ ನಾಟಕಗಳಿರುತ್ತವೆ. ಎರಡಕ್ಕೆ ಟಿಕೆಟ್ ತೆಗೆಯುವ ಮೊದಲು ಮೊದಲನೆಯದರ ಅವಧಿ ಕೇಳಿ. ಭೂಮಿಗೀತ ಚಿಕ್ಕದು, ಟಿಕೆಟ್ ಬೇಗ ಖಾಲಿಯಾಗುತ್ತದೆ. ವನರಂಗ ಬಯಲಿನಲ್ಲಿದೆ, ಸ್ವೆಟರ್ ಇರಲಿ. ರಾತ್ರಿ 9ರ ಮೇಲೆ ಬಸ್ಸು ವಿರಳ, ಹಿಂದಿರುಗುವ ದಾರಿ ಮೊದಲೇ ಗೊತ್ತು ಮಾಡಿಕೊಳ್ಳಿ.

ನೀವೇ ಸಭೆ ಮಾಡುವುದಾದರೆ

ಗಂಗೋತ್ರಿಯ ಸಭಾಂಗಣಕ್ಕೆ ಹೊರಗಿನ ಸಂಘದವರು ನೇರವಾಗಿ ಕೇಳುವುದಕ್ಕಿಂತ ಒಂದು ವಿಭಾಗದ ಸಹಯೋಗ ಪಡೆದು, ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಪತ್ರ ಕೊಡಿಸುವುದು ಹಗುರ. ಕಲಾಮಂದಿರ, ಕಿರುರಂಗಮಂದಿರ ಬೇಕಾದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ. ಬಾಡಿಗೆಯ ಜೊತೆ ಠೇವಣಿ ಎಷ್ಟು, ಜನರೇಟರಿನ ಡೀಸೆಲ್ ಯಾರದು, ಹಿಂದಿನ ದಿನ ರಂಗ ಸಜ್ಜು ಮಾಡಲು ಬಿಡುತ್ತಾರೆಯೇ ಎಂಬ ಮೂರನ್ನೂ ಬರಹದಲ್ಲಿ ಪಡೆಯಿರಿ. ಮಂತ್ರಿಗಳ ಕಾರ್ಯಕ್ರಮ ಬಂದರೆ ನಿಮ್ಮ ದಿನ ಹಾರಿಹೋಗುವ ಸಾಧ್ಯತೆ ಇದ್ದೇ ಇದೆ, ಹಾಗಾಗಿ ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವ ಮುನ್ನ ಇನ್ನೊಮ್ಮೆ ವಿಚಾರಿಸಿ.

ದಿನಪತ್ರಿಕೆಗಳಿಗೆ ಪ್ರಕಟಣೆ ಎರಡು ದಿನ ಮುಂಚೆ, ಮಧ್ಯಾಹ್ನದೊಳಗೆ ಮುಟ್ಟಲಿ. ಅರ್ಧ ಪುಟ ಮೀರಬಾರದು. ಹೆಸರುಗಳು ನಾಲ್ಕು ದಾಟಿದರೆ ಉಪಸಂಪಾದಕರು ಎಲ್ಲಿಂದ ಕತ್ತರಿಸುತ್ತಾರೋ ಹೇಳಲಾಗದು, ಆದ್ದರಿಂದ ಸ್ಥಳ, ದಿನ, ವಾರ, ಗಂಟೆ ಮೊದಲ ಸಾಲಿನಲ್ಲೇ ಇರಲಿ. ಸ್ಥಳ ಬರೆಯುವಾಗ ‘ಮಾನಸಗಂಗೋತ್ರಿ’ ಎಂದು ನಿಲ್ಲಿಸಬೇಡಿ. 700 ಎಕರೆಗೂ ಮಿಗಿಲಾದ ಜಾಗವದು. ಕಟ್ಟಡದ ಹೆಸರು, ಎಷ್ಟನೇ ಮಹಡಿ, ಯಾವ ಗೇಟಿನಿಂದ ಬರಬೇಕು ಎಂಬುದನ್ನೂ ಸೇರಿಸಿ, ಗೇಟಿನ ಬಳಿ ಬಾಣದ ಗುರುತು ಹಾಕಿದ ಎರಡು ಹಾಳೆಯನ್ನು ಅಂಟಿಸಿ.